ಹುಲಿಗಿಯಲ್ಲಿ ಸಿಕ್ಕ ಸಂಚಿಯನ್ನು ಅದರ ಒಡೆಯರಿಗೆ ಮುಟ್ಟಿಸುವುದು ಹೇಗೆ?

ಭಾಗ್ಯನಗರದ ಶಿಕ್ಷಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೊನ್ನೆ ಹುಣ್ಣಿಮೆಯಂದು ಹುಲಿಗೆಮ್ಮನ ದರ್ಶನ ಮುಗಿಸಿಕೊಂಡು ತುಂಗಭದ್ರೆಯ ದಂಡೆಯಿಂದ ಹಿಂದಿರುಗುವಾಗ, ಜನಸಂದಣಿಯ ನಡುವೆ ನನ್ನ ಕಾಲಿಗೆ ಎಲೆ-ಅಡಿಕೆಯ ಹಳೆಯ ಸಂಚಿಯೊಂದು ತಗುಲಿತು. ಅದರಲ್ಲಿ ಸುಣ್ಣದ ಡಬ್ಬಿ, ಬಾಡಿದ ಎರಡು ಎಲೆ, 170 ರೂಪಾಯಿ ಹಾಗೂ ಚಿನ್ನದ್ದೆಂದು ತೋರುವ ಒಂದು ಆಭರಣವಿದೆ. ಹೆಸರು, ವಿಳಾಸ, ಫೋನ್ ನಂಬರ್ ಯಾವುದೂ ಇಲ್ಲ. ಆಭರಣದ ಫೋಟೋ ತೆಗೆದು ವಾಟ್ಸಾಪ್ ಗುಂಪುಗಳಿಗೆ ಹಾಕಿರೆಂದು ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ಆದರೆ ಫೋಟೋ ಕಂಡ ಹತ್ತು ಜನ ತಮ್ಮದೆಂದು ಬಂದರೆ ನಿಜವಾದವರನ್ನು ಗುರುತಿಸುವುದು ಹೇಗೆ? ಯಾರೋ ಹಿರಿಯ ತಾಯಿ ಮನೆಯವರೆದುರು ಬಾಯಿ ಬಿಡಲಾರದೆ ಕೊರಗುತ್ತಿರಬಹುದೆಂದು ನೆನೆದು ಎರಡು ರಾತ್ರಿ ನನಗೆ ನಿದ್ದೆ ಬಂದಿಲ್ಲ.

ಗಂಗಾವತಿಯ ವಕೀಲರು

ಫೋಟೋವನ್ನು ದಯವಿಟ್ಟು ಎಲ್ಲಿಯೂ ಹಾಕಬೇಡಿ. ಹಣದ ಮೊತ್ತವನ್ನು ನೀವು ಈಗಾಗಲೇ ಬರೆದುಬಿಟ್ಟಿರುವುದರಿಂದ ಅದು ಇನ್ನು ಗುರುತಾಗಿ ಉಳಿಯಲಿಲ್ಲ. ಆಭರಣದ ಜಾತಿ, ತೂಕ, ಅದರ ಮೇಲಿನ ಕಲೆ ಅಥವಾ ಕುಂದು ನಿಮ್ಮಲ್ಲಿಯೇ ಇರಲಿ; ಕೇಳಿಕೊಂಡು ಬಂದವರು ಅದನ್ನು ತಾವಾಗಿಯೇ ಹೇಳಬೇಕು.

1872ರ ಭಾರತೀಯ ಕರಾರು ಕಾಯ್ದೆಯ 71ನೇ ಕಲಮಿನ ಪ್ರಕಾರ, ಬೇರೆಯವರ ವಸ್ತು ಸಿಕ್ಕಿದಾಗ ಅದನ್ನು ವಶಕ್ಕೆ ತೆಗೆದುಕೊಂಡವರ ಮೇಲೆ, ನಂಬಿ ಒಪ್ಪಿಸಿದ ವಸ್ತುವನ್ನು ಕಾಯುವವರಿಗೆ ಇರುವಷ್ಟೇ ಜವಾಬ್ದಾರಿ ಇರುತ್ತದೆ. ಒಡೆಯರನ್ನು ಹುಡುಕುವ ಪ್ರಯತ್ನವನ್ನೇ ಮಾಡದೆ ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿಕೊಂಡರೆ ಅದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಡಿ ಅಪರಾಧವಾಗುತ್ತದೆ. ನಿಮ್ಮ ಮನಸ್ಸು ಅಂಥದ್ದಲ್ಲವೆಂಬುದು ಬರಹದಲ್ಲೇ ಕಾಣುತ್ತದೆ. ಆದರೂ ಚಿನ್ನವನ್ನು ಮನೆಯಲ್ಲಿಟ್ಟುಕೊಂಡು ದಿನ ದೂಡುವುದು ನಿಮಗೇ ಕ್ಷೇಮವಲ್ಲ. ಠಾಣೆಗೆ ಹೋಗಿ, ಸಂಚಿಯಲ್ಲಿರುವ ಪ್ರತಿಯೊಂದು ವಸ್ತುವಿನ ಪಟ್ಟಿ ಬರೆದುಕೊಟ್ಟು, ಆಭರಣವನ್ನು ಅವರೆದುರಿಗೇ ತೂಗಿಸಿ, ಸಹಿ ಮತ್ತು ಮೊಹರು ಇರುವ ಸ್ವೀಕೃತಿ ಪಡೆಯಿರಿ. ಆ ಕಾಗದ ಕೈಯಲ್ಲಿದ್ದರೆ ನಾಳೆ ಯಾರೂ ನಿಮ್ಮತ್ತ ಬೆರಳು ತೋರಿಸಲಾರರು.

ಸಿಂಧನೂರಿನ ಓದುಗರು

ವಕೀಲರ ಮಾತು ಸರಿಯಾಗಿದೆ. ಆದರೆ ಸ್ವೀಕೃತಿ ಪಡೆದ ಮಾತ್ರಕ್ಕೆ ಒಡೆಯರು ಸಿಕ್ಕಂತಾಗಲಿಲ್ಲ. ಎಲೆ-ಅಡಿಕೆಯ ಸಂಚಿ ಇಟ್ಟುಕೊಳ್ಳುವವರು ಬಹುಮಟ್ಟಿಗೆ ನಮ್ಮ ತಾಯಿಯವರ ವಯಸ್ಸಿನವರು. ಅವರ ಕೈಯಲ್ಲಿ ಸ್ಮಾರ್ಟ್‌ಫೋನ್ ಇರುವುದಿಲ್ಲ, ಅನೇಕರಿಗೆ ಓದಲೂ ಬಾರದು. ನಮ್ಮ ತಾಯಿಯವರು ಜಾತ್ರೆಯೊಂದರಲ್ಲಿ ಹಣದ ಗಂಟನ್ನು ಕಳೆದುಕೊಂಡಿದ್ದಾಗ ಅದು ಮರಳಿ ಸಿಕ್ಕಿದ್ದು ಮೈಕಿನಲ್ಲಿ ಕೂಗಿಸಿದ್ದರಿಂದ. ಆದ್ದರಿಂದ ದೇವಸ್ಥಾನದ ಕಚೇರಿಯಲ್ಲಿ ವಿನಂತಿಸಿಕೊಂಡು, ಮಂಗಳವಾರ ಮತ್ತು ಶುಕ್ರವಾರ ಜನ ಹೆಚ್ಚು ಸೇರುವ ಹೊತ್ತಿನಲ್ಲಿ ‘ಒಂದು ಸಂಚಿ ಸಿಕ್ಕಿದೆ’ ಎಂದಷ್ಟೇ ಹೇಳಿಸಿರಿ. ಆಂಧ್ರ, ತೆಲಂಗಾಣಗಳಿಂದಲೂ ಭಕ್ತರು ಬರುವುದರಿಂದ ತೆಲುಗಿನಲ್ಲೂ ಹೇಳಿಸುವುದು ಅವಶ್ಯ. ಕಾಯಿ-ಕರ್ಪೂರದ ಅಂಗಡಿಯವರಿಗೆ, ಬಳೆ ಮಾರುವವರಿಗೆ, ಮುನಿರಾಬಾದ್ ರೈಲು ನಿಲ್ದಾಣದ ಎದುರಿನ ಆಟೋದವರಿಗೆ ಬಾಯಿಮಾತಿನಲ್ಲಿ ತಿಳಿಸಿರಿ. ವಸ್ತು ಕಳೆದುಕೊಂಡವರು ಮೊದಲು ಕೇಳುವುದು ಇವರನ್ನೇ.

ಕಾರಟಗಿಯಿಂದ

ಕಳೆದುಕೊಂಡವರ ಕಡೆಯಿಂದ ಒಂದು ಮಾತು. ಮನೆಯ ಮಕ್ಕಳು, ಕಳೆದ ವಸ್ತುಗಳ ಬಗ್ಗೆ ಆನ್‌ಲೈನಿನಲ್ಲಿ ತಿಳಿಸಲು ಇರುವ ರಾಜ್ಯ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ದೂರು ದಾಖಲಿಸಿರುವ ಸಾಧ್ಯತೆಯೂ ಇದೆ. ಠಾಣೆಯಲ್ಲಿ ಅದನ್ನೂ ನೋಡಲು ಹೇಳಿರಿ.

ಭಾಗ್ಯನಗರದ ಶಿಕ್ಷಕಿ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಸಂಚಿಯನ್ನು ಠಾಣೆಗೆ ಒಪ್ಪಿಸಿ ಸ್ವೀಕೃತಿ ಪಡೆದು, ಶುಕ್ರವಾರ ಎರಡೂ ಭಾಷೆಗಳಲ್ಲಿ ಮೈಕಿನಲ್ಲಿ ಹೇಳಿಸಿದೆ. ಯಾರೂ ಬರಲಿಲ್ಲ. ಅಂದು ಸಂಜೆ ಬಳೆಯಂಗಡಿಯ ತಾಯಿಯೊಬ್ಬರಿಗೆ ವಿಷಯ ತಿಳಿಸಿದಾಗ, ಹುಣ್ಣಿಮೆಯ ದಿನವೇ ಯಲಬುರ್ಗಾ ಕಡೆಯ ಅಜ್ಜಿಯೊಬ್ಬರು ಅಳುತ್ತ ಬಂದು ವಿಚಾರಿಸಿ, ತಮ್ಮ ಊರಿನ ಕಿರಾಣಿ ಅಂಗಡಿಯ ನಂಬರನ್ನು ಕೊಟ್ಟುಹೋಗಿದ್ದಾರೆಂದು ಅವರು ಹೇಳಿದರು. ಆ ನಂಬರನ್ನು ಬಳೆಯ ಡಬ್ಬಿಯ ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದಿಟ್ಟುಕೊಂಡಿದ್ದರು.

ಅಜ್ಜಿ ಮೊಮ್ಮಗನೊಂದಿಗೆ ಠಾಣೆಗೆ ಬಂದರು. ಏನು ಕಳೆದಿದೆಯೆಂದು ಕೇಳಿದ್ದಕ್ಕೆ, ‘ಬೋರಮಾಳ ಐತ್ರಿ, ನಮ್ಮವ್ವ ಹಾಕಿದ್ದು. ಕೊಂಡಿ ಹತ್ತಿರದ ಗುಂಡು ನೆಗ್ಗಿ ಒಳಗಿನ ಅರಗು ಕಾಣತೈತಿ, ಪತ್ತಾರನ ಕಡೆ ಒಯ್ಯೋದು ಆಗಲಿಲ್ಲ’ ಎಂದರು. ಸರವನ್ನು ಹೊರತೆಗೆದಾಗ ಕೊಂಡಿಯ ಪಕ್ಕದ ಗುಂಡಿನಲ್ಲಿ ಸಾಸಿವೆಯಷ್ಟು ಕೆಂಪು ಅರಗು ಇಣುಕುತ್ತಿತ್ತು. ಅವರು ಅದನ್ನು ಕೊರಳಿಗೆ ಹಾಕಿಕೊಳ್ಳಲಿಲ್ಲ. ಸೆರಗಿನ ತುದಿಗೆ ಎರಡು ಗಂಟು ಹಾಕಿ ಕಟ್ಟಿಕೊಂಡು, ಹೆಬ್ಬೆಟ್ಟಿನ ಗುರುತು ಒತ್ತಿ, ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.