ಸಹಾಯ ಬೇಕು: ಸಭೆಯವರೆಲ್ಲ ಸೇರಿ ಹಾಡುವಂತಾಗಲು ಏನು ಮಾಡಲಿ?

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಮೂರು ತಿಂಗಳಿಂದ ನಮ್ಮ ಸಭೆಯ ಭಾನುವಾರದ ಆರಾಧನೆಯಲ್ಲಿ ಹಾಡು ನಡೆಸುವ ಜವಾಬ್ದಾರಿ ನನ್ನದು. ಪಲ್ಲವಿ ಮೇಲಕ್ಕೆ ಏರಿದ ಕೂಡಲೇ ಹಿರಿಯರ ದನಿ ನಿಂತುಬಿಡುತ್ತದೆ. ಹೋದ ವಾರ ಮುಂದಿನ ಬೆಂಚಿನ ಅಜ್ಜಿಯೊಬ್ಬರು ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡರು. ನೋಡಿ ತುಂಬಾ ಸಂಕಟವಾಯಿತು. ಹಾಡು ಕ್ವಾಯರ್‌ನದಲ್ಲ (ಗಾಯಕರ ತಂಡದ್ದಲ್ಲ), ಸಭೆಯದು.

ಕೀಬೋರ್ಡ್‌ನಲ್ಲಿ ಟ್ರಾನ್ಸ್‌ಪೋಸ್ ಮಾಡಿ, ಅಂದರೆ ಇಡೀ ಹಾಡಿನ ಶ್ರುತಿ ಬದಲಿಸಿ, ಜಿ ಸ್ಕೇಲ್‌ನಿಂದ ಇ ಸ್ಕೇಲ್‌ಗೆ ಇಳಿಸಿದೆ. ಈಗ ಚರಣದ ಕೆಳಗಿನ ಸ್ವರ ಹೆಂಗಸರಿಗೆ ಸಿಗುತ್ತಿಲ್ಲ. ಇಬ್ಬರಿಗೂ ಒಗ್ಗುವ ಶ್ರುತಿಯನ್ನು ನೀವು ಹೇಗೆ ಗೊತ್ತು ಮಾಡುತ್ತೀರಿ? ಮೇಲಿನ ಸ್ವರ ನೋಡಿಯೋ, ಕೆಳಗಿನದು ನೋಡಿಯೋ?

ಇನ್ನೊಂದು: ಈಸ್ಟರ್‌ಗೆ ಹೊಸ ಹಾಡು ಕಲಿಸಬೇಕು. ಪ್ರಾರ್ಥನೆಗೆ ಮುಂಚೆ ಹತ್ತು ನಿಮಿಷ, ವಾದ್ಯವಿಲ್ಲದೆ, ಒಂದೊಂದೇ ಸಾಲು ಹೇಳಿಕೊಡೋಣವೆಂದಿದ್ದೇನೆ. ಎಷ್ಟು ವಾರ ಮೊದಲು ಶುರುಮಾಡಲಿ? ಅನುಭವವಿದ್ದವರು ದಯವಿಟ್ಟು ತಿಳಿಸಿ.