ಅಪ್‌ಡೇಟ್: ದೊಡ್ಡಮ್ಮನ ದಾನಪತ್ರದ ವಿಚಾರ

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಲ್ವಾ? ಮದ್ದೂರು ಕಡೆಯ ನಮ್ಮ ದೊಡ್ಡಮ್ಮ ಮನೆ, ಗದ್ದೆ ಎರಡನ್ನೂ ಮಗನಿಗೆ ಬರೆದುಕೊಟ್ಟರು. ಆಮೇಲೆ ಅವನು ಊಟಕ್ಕೂ ಸರಿಯಾಗಿ ಹಾಕುತ್ತಿಲ್ಲ, ಕೈ ಮಾಡುತ್ತಾನೆ, ಏನು ಮಾಡಲಿ ಅಂತ.

14567ಕ್ಕೆ ಫೋನ್ ಮಾಡಿ ಎಂದವರಿಗೆ ಕೈ ಮುಗಿಯುತ್ತೇನೆ. ಅದು ಹಿರಿಯರ ಸಹಾಯವಾಣಿ. ಅವರು ಹೇಳಿದಂತೆ ಮಂಡ್ಯದಲ್ಲಿ ಉಪವಿಭಾಗಾಧಿಕಾರಿಗಳ (ಎಸಿ) ಕಚೇರಿಗೆ ಅರ್ಜಿ ಕೊಟ್ಟೆವು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಇಂಥ ಕೇಸು ನೋಡುವವರು ಎಸಿಯವರೇ. ವಕೀಲರನ್ನು ಹಿಡಿಯುವ ಗೋಜಿಲ್ಲ.

ಅಲ್ಲಿ ಮೊದಲು ಕೇಳಿದ್ದೇ, 'ದಾನಪತ್ರದಲ್ಲಿ ನೋಡಿಕೊಳ್ಳಬೇಕು ಅಂತ ಬರೆದಿದೆಯಾ?' ಎಂದು. ಪುಣ್ಯಕ್ಕೆ ಎರಡನೇ ಪುಟದಲ್ಲಿ ಒಂದು ಸಾಲು ಇತ್ತು. ಆ ಷರತ್ತು ಮುರಿದರೆ 23ನೇ ಕಲಂ ಪ್ರಕಾರ ಪತ್ರ ರದ್ದು ಮಾಡಿಸಬಹುದು. ನಿಮ್ಮ ಮನೆಯಲ್ಲೂ ಯಾರಾದರೂ ಬರೆದುಕೊಡುವುದಿದ್ದರೆ ದಯವಿಟ್ಟು ಆ ಸಾಲು ಬಿಡಬೇಡಿ.

ವಿಚಾರಣೆ ದಿನ ದೊಡ್ಡಮ್ಮ ಸೆರಗಿನ ತುದಿ ಸುತ್ತುತ್ತಾ ಕೂತಿದ್ದರು. ಮಗನ ಮುಖ ನೋಡಲಿಲ್ಲ. ಸಾಹೇಬರು ಕೇಳಿದಾಗ ಮಾತ್ರ ತೋಳು ಮೇಲೆತ್ತಿ ಬಾವು ತೋರಿಸಿದರು. ನನಗೆ ಕಣ್ಣು ತುಂಬಿ ಬಂತು.

ಆದೇಶ ಇನ್ನೂ ಬಂದಿಲ್ಲ. ಸದ್ಯಕ್ಕೆ ದೊಡ್ಡಮ್ಮ ನಮ್ಮನೆಯಲ್ಲೇ ಇದ್ದಾರೆ. ನಿನ್ನೆ ಎರಡು ಮುದ್ದೆ ತಿಂದರು.