ಸಹಾಯ ಬೇಕು: ಕೂಸುಗಳ ಬಗ್ಗೆ ನಾವು ನಾವ ಕೂತು ಮಾತಾಡೋದು ಹೆಂಗ?

ಎಲ್ಲಾ ಅಕ್ಕಾರಿಗೂ ನಮಸ್ಕಾರ್ರಿ. ಗದಗ ತಾಲೂಕಿನ ಒಂದು ಹಳ್ಳಿಯ ‘ಕೂಸಿನ ಮನೆ’ಯೊಳಗ, ಅಂದ್ರ ಪಂಚಾಯ್ತಿಯ ಶಿಶುಪಾಲನಾ ಕೇಂದ್ರದಾಗ, ಮಕ್ಕಳನ್ನ ನೋಡ್ಕೋತೀನಿ. ಉದ್ಯೋಗ ಖಾತ್ರಿ ಕೆಲಸಕ್ಕ ಹೋಗೋ ತಾಯಂದಿರ ಕೂಸುಗಳು, ಎಲ್ಲಾ 3 ವರ್ಷದೊಳಗಿನವು. ತಿಂಗಳಿಗೊಮ್ಮೆ ಸುತ್ತಲಿನ ಮೂರು ಊರಿನ, ನನ್ನಂಗ ಕೂಸು ನೋಡ್ಕೊಳ್ಳೋರು ಕೂಡತೀವಿ. ಆದ್ರ ಮಾತು ಹಾಜರಿ ಪುಸ್ತಕ, ಬರದ ಗೌರವಧನ ಇಷ್ಟಕ್ಕ ಮುಗೀತದ. (ಅದೂ ದೊಡ್ಡ ಮಾತ, ಇಲ್ಲ ಅನ್ನಂಗಿಲ್ಲ.)

ಹೋದ ತಿಂಗಳು ಮಾತ್ರ ಬ್ಯಾರೆ ಆತು. ಒಂದೂವರೆ ವರ್ಷದ ಹುಡುಗಿ, ತಾಯಿ ಹೋದಕೂಡ್ಲೆ ಬಾಗಿಲ ಹತ್ರ ಕುಂತಬಿಡತಿದ್ಲು. ಅಳಂಗಿಲ್ಲ, ಆಡಂಗಿಲ್ಲ. ನಾ ‘ಶಾಣ್ಯಾ ಕೂಸು, ತ್ರಾಸಿಲ್ಲ’ ಅಂತ ಬರದಿದ್ದೆ. ಬಾಜೂ ಊರಿನ ಅಕ್ಕಾರು ಓದಿ, ‘ತಂಗಿ, ಆ ಕೂಸು ಸುಮ್ಮನಿಲ್ಲ, ಕಾಯಾಕತ್ತೇತಿ’ ಅಂದ್ರು. ಎದಿ ಧಸಕ್ಕಂತು. ಮರುದಿನದಿಂದ ತಾಯಿಯ ಹಳೇ ಸೀರಿ ತುಂಡು ಕೈಯಾಗ ಕೊಟ್ಟು ಬಾಜೂಕ ಕುಂತೆ. ನಾಲ್ಕನೇ ದಿನ ತಾನ ಬಂದು ತೊಡಿ ಮ್ಯಾಲೆ ಕುಂತ್ಲು.

2024ರಾಗ ಕೇಂದ್ರ ಸರ್ಕಾರ ತಂದ ‘ನವಚೇತನ’ ಅನ್ನೋ ಸಣ್ಣ ಕೂಸುಗಳ ಬೆಳವಣಿಗೆಯ ಮಾರ್ಗದರ್ಶಿಯೊಳಗ ಹುಟ್ಟಿದಾಗಿಂದ 3 ವರ್ಷದ ತನಕ ಮಾಡಿಸೋ 140 ಚಟುವಟಿಕೆ ಅದಾವ. ಆದ್ರ ನನ್ನ ಕಣ್ಣಿಗೆ ಬೀಳದ್ದು ಏನು ಅಂತ ಹೇಳಾಕ ಇನ್ನೊಬ್ಬಾಕೀನ ಬೇಕು ನೋಡ್ರಿ.

ನಿಮ್ಮ ಕಡೆ ಹಿಂಗ ಕೂಡತೀರೇನು? ನೋಡಿದ್ದನ್ನ ಬರದು ತರಬೇಕೋ, ಬಾಯಿಮಾತು ಸಾಕೋ? ತಪ್ಪು ತೋರಿಸಿದ್ರ ಒಬ್ಬಾಕಿ ಮಾರಿ ಸಣ್ಣ ಮಾಡತಾಳ, ಏನ್ಮಾಡ್ಲಿ? ಮೇಲ್ವಿಚಾರಕರು ಮುಂದ ಇದ್ರ ಯಾರೂ ಬಾಯಿ ಬಿಡಂಗಿಲ್ಲ. ಕೂಸಿನ ತಂದಿ-ತಾಯಿ ಮನೀ ಸಂಗತಿ ಹೊರಗ ಹೋಗದಂಗ ಹೆಂಗ ನೋಡ್ಕೋತೀರಿ? ಬರಿಯೋ ನಮೂನೆ ಇದ್ರ ಫೋಟೊ ಹಾಕ್ರಿ, ಕೂಸಿನ ಹೆಸರು ಮುಚ್ಚಿ. ಬರೋ ಶನಿವಾರ ಮತ್ತ ಕೂಡತೀವಿ.